ಮೇಲುಖರ್ಚು ಎಂಬ ಮೋಸದ ಮಾತು

ಅಮೆರಿಕದ ಸರಕಾರ 2025ರ ಫೆಬ್ರವರಿ 7ನೇ ತಾರೀಖು, ಶುಕ್ರವಾರದ ದಿನ, ಒಂದು ಆಜ್ಞೆ ಹೊರಡಿಸಿತು. ವೈದ್ಯಕೀಯ ಸಂಶೋಧನೆಗೆ ಹಣ ಹಂಚುವ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಇನ್ನು ಮೇಲೆ ಸಂಶೋಧನೆಯ "ಮೇಲುಖರ್ಚಿ"ಗೆಂದು ನೂರಕ್ಕೆ 15ಕ್ಕಿಂತ ಒಂದು ಕಾಸೂ ಹೆಚ್ಚು ಕೊಡುವುದಿಲ್ಲ, ಮುಂದಿನ ಸೋಮವಾರದಿಂದಲೇ ಇದು ಜಾರಿ ಎಂದು ಆ ಆಜ್ಞೆಯ ಒಕ್ಕಣೆ. ನಡುವೆ ಶನಿವಾರ, ಭಾನುವಾರ. ಎರಡು ರಜೆಯ ದಿನ ಕೊಟ್ಟು ಒಂದು ದೇಶದ ಪ್ರಯೋಗಶಾಲೆಗಳ ಬುನಾದಿಗೆ ಹಾರೆ ಹಾಕಿದರು.

ಏಳು ಸಮುದ್ರದಾಚೆಯ ದೇಶದ ಲೆಕ್ಕಪತ್ರ ನಮಗೇಕೆ ಎಂದು ಗಿರಣಿಯ ಗೆಳೆಯರು ಕೇಳಬಹುದು. ಉದ್ರಿ ವಸೂಲಿಗೆ ಅಲೆದು ಬಂದ ಅಂಗಡಿಯ ಬಂಧುಗಳು ಪತ್ರಿಕೆಯನ್ನು ಮಡಿಚಿ ಪಕ್ಕಕ್ಕೆ ಇಡಲೂಬಹುದು. ಸ್ವಲ್ಪ ತಾಳಿ. ಈ ವಿಷಯ ನಮ್ಮ ನಿಮ್ಮ ಮೈಗೆ ಸಂಬಂಧಿಸಿದ್ದು. ಗಾಯವಾಗದ ಮೈ ಯಾವುದು? ಯಂತ್ರದ ಬಾಯಿಗೆ ಬೆರಳು ಕೊಟ್ಟವರು, ಕಬ್ಬಿಣದ ಪಟ್ಟಿ ತಗಲಿ ಮೊಣಕಾಲು ಸೀಳಿಕೊಂಡವರು, ಮೂಟೆ ಇಳಿಸುವಾಗ ಕೊಕ್ಕೆ ಚುಚ್ಚಿಸಿಕೊಂಡವರು ಪ್ರತಿಯೊಂದು ಗಲ್ಲಿಯಲ್ಲೂ ಇದ್ದಾರೆ. ಒಬ್ಬನ ಗಾಯ ಹದಿನೈದು ದಿನದಲ್ಲಿ ಮಾಯುತ್ತದೆ. ಇನ್ನೊಬ್ಬನದು ಅಂಥದೇ ಗಾಯ, ಆದರೆ ತಿಂಗಳಾದರೂ ಹಸಿ ಆರುವುದಿಲ್ಲ. ಏಕೆ? "ಅವನ ಮೈಗುಣ" ಎನ್ನುತ್ತೇವೆ. "ಗ್ರಹಚಾರ" ಎನ್ನುತ್ತೇವೆ. ಮೇಲ್ವಿಚಾರಕ "ಕಳ್ಳಬೀಳುತ್ತಿದ್ದಾನೆ" ಎನ್ನುತ್ತಾನೆ.

ಈ ಪ್ರಶ್ನೆಗೆ ಉತ್ತರದ ಒಂದು ದೊಡ್ಡ ಪಾಲನ್ನು ಕಂಡುಹಿಡಿದದ್ದು, ಈಗ ಯಾವುದನ್ನು ಮೇಲುಖರ್ಚೆಂದು ಕರೆದು ಕತ್ತರಿ ಹಾಕಲು ಹೊರಟಿದ್ದಾರೋ ಅಂಥದೇ ಹಂಚಿಕೊಂಡ ವ್ಯವಸ್ಥೆಯ ಬಲದಿಂದ. ಆದ್ದರಿಂದ ಈ ಮಾತನ್ನು ಬುಡದಿಂದ ನೋಡೋಣ.

ಕೊಲಂಬಸ್ ಊರಿನ ಪ್ರಯೋಗ

ಚಿತೆ ಹೆಣವನ್ನು ಸುಡುತ್ತದೆ, ಚಿಂತೆ ಬದುಕಿದವನನ್ನು ಸುಡುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಹೇಳಿದ್ದು ನಿಜ. ಆದರೆ ಎಷ್ಟು ಸುಡುತ್ತದೆ, ಎಲ್ಲಿ ಸುಡುತ್ತದೆ ಎಂದು ಅಳೆದವರು ಯಾರು?

ಅಮೆರಿಕದ ಕೊಲಂಬಸ್ ನಗರದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ರೊನಾಲ್ಡ್ ಗ್ಲೇಸರ್ ಎಂಬ ದಂಪತಿಗಳಿದ್ದರು. ಹೆಂಡತಿ ಮನಶ್ಶಾಸ್ತ್ರದವರು, ಗಂಡ ದೇಹದ ರೋಗನಿರೋಧ ಶಕ್ತಿಯನ್ನು ಅಭ್ಯಾಸ ಮಾಡಿದವರು. ಅವರೂ ಅವರ ಸಂಗಡಿಗರೂ 1995ರಲ್ಲಿ "ಲ್ಯಾನ್ಸೆಟ್" ಎಂಬ ವೈದ್ಯ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಮರೆವಿನ ರೋಗ ಹಿಡಿದ ಮನೆಯವರನ್ನು ಹಗಲೂ ರಾತ್ರಿ ನೋಡಿಕೊಳ್ಳುತ್ತಿದ್ದ 13 ಮಂದಿ ಹೆಂಗಸರು ಒಂದು ಕಡೆ. ಅಂಥ ಹೊರೆಯಿಲ್ಲದ 13 ಮಂದಿ ಹೆಂಗಸರು ಇನ್ನೊಂದು ಕಡೆ. ಎರಡೂ ಗುಂಪು ವಯಸ್ಸಿನಲ್ಲಿ ಸರಿಜೋಡಿ, ಕುಟುಂಬದ ವರಮಾನದಲ್ಲೂ ಸರಿಜೋಡಿ. ಈ ಕೊನೆಯ ಮಾತನ್ನು ಓದುಗರು ಮನಸ್ಸಿನಲ್ಲಿಡಬೇಕು. ಒಂದು ಗುಂಪಿಗೆ ಉಣ್ಣಲಿಲ್ಲ, ಇನ್ನೊಂದಕ್ಕೆ ಉಂಡು ಮಿಕ್ಕಿತ್ತು ಎಂದು ಯಾರೂ ತಪ್ಪಿಸಿಕೊಳ್ಳುವಂತಿರಲಿಲ್ಲ.

ಒಬ್ಬೊಬ್ಬರ ತೋಳಿನ ಮೇಲೂ ಜೋಳದ ಕಾಳಿನಷ್ಟು, ಮೂರೂವರೆ ಮಿಲಿಮೀಟರ್ ಅಗಲದ ಒಂದು ಗಾಯವನ್ನು ವೈದ್ಯರೇ ಮಾಡಿದರು. ಅದು ಮಾಯುವವರೆಗೂ ಛಾಯಾಚಿತ್ರ ತೆಗೆಯುತ್ತ ಹೋದರು. ಗಾಯದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹನಿ ಬಿಟ್ಟರೆ ಹಸಿ ಇರುವತನಕ ನೊರೆ ಏಳುತ್ತದೆ. ನೊರೆ ಏಳದಿದ್ದರೆ ಮಾಯಿತು ಎಂದು ಲೆಕ್ಕ. ಹೊರೆಯಿಲ್ಲದವರ ಗಾಯ ಸರಾಸರಿ 39 ದಿನದಲ್ಲಿ ಮಾಯಿತು. ಹೊರೆ ಹೊತ್ತವರದಕ್ಕೆ 48 ದಿನ ದಾಟಿತು. ಒಂಬತ್ತು ದಿನದ ವ್ಯತ್ಯಾಸ! ಜೋಳದ ಕಾಳಿನಷ್ಟು ಗಾಯಕ್ಕೆ!

ಅಷ್ಟಕ್ಕೇ ನಿಲ್ಲಲಿಲ್ಲ. 1998ರಲ್ಲಿ ಅದೇ ಊರಿನ 11 ಮಂದಿ ದಂತವೈದ್ಯ ವಿದ್ಯಾರ್ಥಿಗಳ ಅಂಗುಳಿನಲ್ಲಿ ಬೇಸಿಗೆ ರಜೆಯಲ್ಲಿ ಒಂದು, ಪರೀಕ್ಷೆಗೆ ಮೂರು ದಿನ ಮುಂಚೆ ಇನ್ನೊಂದು ಸಣ್ಣ ಗಾಯ ಮಾಡಿ ನೋಡಿದರು. ಬಾಯಿಯೂ ಅದೇ, ಮನುಷ್ಯನೂ ಅವನೇ. ಪರೀಕ್ಷೆಯ ಹೊತ್ತಿನ ಗಾಯ ಸರಾಸರಿ ಮೂರು ದಿನ ತಡವಾಗಿ, ಅಂದರೆ ನೂರಕ್ಕೆ 40ರಷ್ಟು ಹೆಚ್ಚು ಕಾಲ ತೆಗೆದುಕೊಂಡು ಮಾಯಿತು. ಹನ್ನೊಂದರಲ್ಲಿ ಒಬ್ಬನಿಗಾದರೂ ಪರೀಕ್ಷೆಯ ಗಾಯ ರಜೆಯ ಗಾಯದಷ್ಟು ಬೇಗ ಆರಲಿಲ್ಲ. ಆಮೇಲೆ 2005ರಲ್ಲಿ 42 ಜೋಡಿ ಗಂಡಹೆಂಡಿರನ್ನು ಎರಡು ಸಲ, ಸಲಕ್ಕೊಂದು ದಿನ, ಆಸ್ಪತ್ರೆಯ ಸಂಶೋಧನಾ ವಾರ್ಡಿನಲ್ಲಿ ಇರಿಸಿಕೊಂಡು, ತೋಳಿನ ಮೇಲೆ ಸಣ್ಣ ಬೊಬ್ಬೆ ಎಬ್ಬಿಸಿ, ಒಂದು ಸಲ ಪರಸ್ಪರ ಆಸರೆಯ ಮಾತು, ಇನ್ನೊಂದು ಸಲ ಜಗಳದ ವಿಷಯ ಮಾತಾಡಿಸಿದರು. ಜಗಳದ ನಂತರ ಗಾಯ ನಿಧಾನವಾಯಿತು. ಹಗೆತನ ಹೆಚ್ಚಿದ್ದ ಜೋಡಿಗಳ ಗಾಯ, ಅದು ಕಡಿಮೆ ಇದ್ದ ಜೋಡಿಗಳ ವೇಗದ ನೂರಕ್ಕೆ 60ರಷ್ಟು ವೇಗದಲ್ಲಿ ಮಾತ್ರ ಮಾಯಿತು.

ಇದು ಹೇಗೆ ನಡೆಯುತ್ತದೆ? ಚರ್ಮ ಹರಿದಾಗ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ರಕ್ತದ ಬಿಳಿಯ ಕಣಗಳು ಬಂದು ಕಸ ಬಳಿಯುತ್ತವೆ, ಕ್ರಿಮಿಗಳನ್ನು ಕೊಲ್ಲುತ್ತವೆ. ಅದಾದ ಮೇಲೆ ಹೊಸ ಮಾಂಸ, ಹೊಸ ರಕ್ತನಾಳ, ಕೊನೆಗೆ ಗಟ್ಟಿ ಚರ್ಮ. ಕಸ ಬಳಿಯುವವರನ್ನು ಕೂಗಿ ಕರೆಯಲು ದೇಹ ಕೆಲವು ರಾಸಾಯನಿಕ ಸಂದೇಶಗಳನ್ನು ಕಳಿಸುತ್ತದೆ. ಇಂಟರ್‌ಲ್ಯೂಕಿನ್-1 ಅವುಗಳಲ್ಲಿ ಒಂದು. ಮನುಷ್ಯ ಬಹುದಿನ ಕಳವಳದಲ್ಲಿದ್ದರೆ ಮೂತ್ರಪಿಂಡದ ನೆತ್ತಿಯ ಮೇಲಿರುವ ಗ್ರಂಥಿ ಕಾರ್ಟಿಸಾಲ್ ಎಂಬ ರಸವನ್ನು ಹೆಚ್ಚಾಗಿ ಸುರಿಸುತ್ತದೆ. ಅದು ಈ ಕೂಗನ್ನು ಅಡಗಿಸುತ್ತದೆ. ಆ ವಿದ್ಯಾರ್ಥಿಗಳ ರಕ್ತದಲ್ಲಿ ಇಂಟರ್‌ಲ್ಯೂಕಿನ್-1ರ ತಯಾರಿಕೆಯ ಸೂಚನೆ ಪರೀಕ್ಷೆಯ ಹೊತ್ತಿಗೆ ನೂರಕ್ಕೆ 68ರಷ್ಟು ಇಳಿದಿತ್ತು. 1998ರಲ್ಲೇ ಇಲಿಗಳ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ, ಅಲುಗಾಡದಂತೆ ಕೂಡಿಹಾಕಿದ ಇಲಿಗಳ ಗಾಯ ತಡವಾಗಿ ಮಾಯಿತು. ಆ ರಸದ ಕೆಲಸವನ್ನು ತಡೆಯುವ ಮದ್ದು ಕೊಟ್ಟಾಗ ಬಿಡುಗಡೆಯಾಗಿದ್ದ ಇಲಿಗಳಷ್ಟೇ ಬೇಗ ಮಾಯಿತು. ಕಾರಣದ ಸರಪಳಿಯ ಒಂದು ಕೊಂಡಿ ಹೀಗೆ ಕೈಗೆ ಸಿಕ್ಕಿತು.

ಇವು ಸಣ್ಣ ಗುಂಪುಗಳ ಮೇಲೆ, ಸಣ್ಣ ಗಾಯಗಳ ಮೇಲೆ ನಡೆದ ಪ್ರಯೋಗಗಳು. ಸಕ್ಕರೆ ರೋಗದ ಹುಣ್ಣು ಸಮಾಧಾನದ ಮಾತಿನಿಂದ ಆರುತ್ತದೆಂದು ಯಾರೂ ತಿಳಿಯಬಾರದು. ಅದಕ್ಕೆ ಮದ್ದು, ಪಟ್ಟಿ, ಪಥ್ಯ ಮೊದಲು. ಆದರೆ ಬೇರೆ ಬೇರೆ ಊರುಗಳಲ್ಲಿ ನಡೆದ ಇಂಥ 22 ಅಧ್ಯಯನಗಳನ್ನು 2009ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ 17ರಲ್ಲಿ ಇದೇ ಫಲ ಕಂಡಿತ್ತು. ಒಂದು ಊರಿನ ಆಕಸ್ಮಿಕ ಎಂದು ತಳ್ಳಿಹಾಕುವ ಕಾಲ ಮುಗಿದಿದೆ.

ಬಾಯ್ಲರ್ ಇಲ್ಲದ ಗಿರಣಿ

ಈಗ ನಮ್ಮ ಜಗಳದ ವಿಷಯಕ್ಕೆ ಬರೋಣ. ವರದಿಯ ತಲೆಯ ಮೇಲೆ ಐದಾರು ಹೆಸರಿರುತ್ತವೆ. ಓದುವವನು ಐದಾರು ಮೇಧಾವಿಗಳು ಕೂತು ಯೋಚಿಸಿ ಕಂಡುಹಿಡಿದರು ಎಂದುಕೊಳ್ಳುತ್ತಾನೆ. ಆ ಪ್ರಯೋಗ ನಡೆಯಲು ಏನೇನು ಬೇಕಾಯಿತೆಂದು ಒಂದೊಂದಾಗಿ ಎಣಿಸಿ ನೋಡಿ.

ಜೋಡಿಗಳು ಒಂದು ದಿನ ಪೂರ್ತಿ ಇರಲು ವಾರ್ಡು ಬೇಕು. ಮಂಚ, ಊಟ, ರಾತ್ರಿ ಪಾಳಿಯ ದಾದಿಯರು ಬೇಕು. ಗಂಟೆಗಂಟೆಗೂ ರಕ್ತ ತೆಗೆದರೆ ಅದನ್ನು ಸೊನ್ನೆಯ ಕೆಳಗೆ 80 ಡಿಗ್ರಿ ಚಳಿಯಲ್ಲಿ ತಿಂಗಳುಗಟ್ಟಲೆ ಕಾಯ್ದಿಡುವ ಪೆಟ್ಟಿಗೆ ಬೇಕು. ಒಂದು ರಾತ್ರಿ ವಿದ್ಯುತ್ತು ಹೋದರೆ ವರುಷದ ಶ್ರಮ ಕರಗಿ ನೀರು. ರಕ್ತದಲ್ಲಿ ಕಾರ್ಟಿಸಾಲ್, ಇಂಟರ್‌ಲ್ಯೂಕಿನ್ ಅಳೆಯಲು ಪ್ರಯೋಗಶಾಲೆ ಬೇಕು, ಕೈ ಪಳಗಿದ ನೌಕರ ಬೇಕು. ಇಲಿಗಳಿಗೆ ಮನೆ ಬೇಕು, ಅವನ್ನು ನೋಡಿಕೊಳ್ಳುವ ಪಶುವೈದ್ಯ ಬೇಕು. ಎಷ್ಟು ಮಂದಿಯ ಮೇಲೆ ನೋಡಿದರೆ ಫಲ ನಂಬಬಹುದು ಎಂದು ಮೊದಲೇ ಹೇಳುವ, ಕೊನೆಗೆ ಲೆಕ್ಕ ತಾಳೆ ನೋಡುವ ಸಂಖ್ಯಾಶಾಸ್ತ್ರಜ್ಞ ಬೇಕು. ಜನರಿಗೆ ಅನ್ಯಾಯವಾಗದಂತೆ ಕಾಯುವ ನೀತಿ ಸಮಿತಿ ಬೇಕು. ಬೇಕಂತಲೇ ಮನುಷ್ಯನ ಮೈಮೇಲೆ ಗಾಯ ಮಾಡುವ ಪ್ರಯೋಗದಲ್ಲಿ ಇಂಥ ಕಾವಲು ಇಲ್ಲದಿದ್ದರೆ ಬಡವನ ತೋಳೇ ಮೊದಲು ಸಿಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವನ್ನೆಲ್ಲ ಒಬ್ಬೊಬ್ಬ ವಿಜ್ಞಾನಿಯೂ ತನ್ನ ಪಾಲಿಗೆ ಕಟ್ಟಿಕೊಳ್ಳಬಲ್ಲನೇ? ಸಾಧ್ಯವಿಲ್ಲ. ಅದಕ್ಕೇ ನಾಲ್ಕಾರು ಜನ ಕೂಡಿ ಒಂದು ರಕ್ತ ಪರೀಕ್ಷೆಯ ಶಾಲೆ, ಒಂದು ಇಲಿಮನೆ, ಒಂದು ಲೆಕ್ಕದ ಮೇಜು ಇಟ್ಟುಕೊಳ್ಳುತ್ತಾರೆ. ಸಂಶೋಧನಾ ಕೇಂದ್ರಗಳಿಗೆ ಹಣ ಕೊಡುವಾಗ ಇಂಥ ಹಂಚಿಕೊಂಡ ಸೌಕರ್ಯಕ್ಕೆಂದು "ಕೋರ್" ಎಂಬ ಹೆಸರಿನ ಬೇರೆಯೇ ಬಾಬು ಅಲ್ಲಿ ಇರುತ್ತದೆ. ಕೋರ್ ಎಂದರೆ ತಿರುಳು. ಹಣ ಕೊಡುವವನ ಲೆಕ್ಕದ ಪುಸ್ತಕವೇ ಇದನ್ನು ತಿರುಳೆಂದು ಕರೆಯುತ್ತದೆ! ಸಂಶೋಧನೆಗೆಂದೇ ಮೀಸಲಾದ ಆಸ್ಪತ್ರೆ ವಾರ್ಡುಗಳನ್ನು ಅಲ್ಲಿನ ಸರಕಾರ 1960ರಿಂದ ಸಾರ್ವಜನಿಕ ಹಣದಲ್ಲಿ ನಡೆಸಿತು. 2006ರಿಂದ ಅವು ಬೇರೊಂದು ಯೋಜನೆಯೊಳಗೆ ಸೇರಿದವು. ಆ ಗಂಡಹೆಂಡಿರು ಮಲಗಿದ ವಾರ್ಡು ಅಂಥದು.

ಕೂಡಿ ಇಟ್ಟುಕೊಳ್ಳುವುದು ಹಣ ಉಳಿಸುವುದಕ್ಕೆ ಮಾತ್ರವಲ್ಲ. ಅಂಗಡಿಯ ಬಂಧುಗಳಿಗೆ ಇದು ಬೇಗ ತಿಳಿಯುತ್ತದೆ. ಸಂತೆಯಲ್ಲಿ ಒಬ್ಬೊಬ್ಬ ವ್ಯಾಪಾರಿಯೂ ತನ್ನದೇ ತಕ್ಕಡಿ, ತನ್ನದೇ ತೂಕದ ಕಲ್ಲು ತಂದರೆ ಯಾರ ಸೇರು ಯಾರ ಸೇರಿಗೆ ಸಮ? ಮುದ್ರೆ ಬಿದ್ದ ಒಂದೇ ತೂಕ ಇದ್ದರೆ ಮಾತ್ರ ಬೆಲೆ ಬೆಲೆಗೆ ಹೋಲಿಕೆ. ರಕ್ತದ ಅಳತೆಯೂ ಹಾಗೆಯೇ. ಹೆಂಗಸರ ರಕ್ತವನ್ನು ಒಂದು ಶಾಲೆ ಒಂದು ರೀತಿ, ವಿದ್ಯಾರ್ಥಿಗಳ ರಕ್ತವನ್ನು ಇನ್ನೊಂದು ಶಾಲೆ ಇನ್ನೊಂದು ರೀತಿ ಅಳೆದರೆ ಎರಡೂ ಸುಳ್ಳಲ್ಲದಿದ್ದರೂ ಪಕ್ಕಪಕ್ಕ ಇಡಲು ಬರುವುದಿಲ್ಲ. ಹಂಚಿಕೊಂಡ ಪ್ರಯೋಗಶಾಲೆ ಎಂದರೆ ವಿಜ್ಞಾನದ ಮುದ್ರೆ ತೂಕ.

ಗಿರಣಿಯವರಿಗೆ ಇನ್ನೂ ಸುಲಭವಾಗಿ ಹೇಳಬಹುದು. ಹಳೆಯ ಗಿರಣಿಯ ಬಾಯ್ಲರ್ ಮನೆ ಒಂದು ಗಜ ಬಟ್ಟೆಯನ್ನೂ ನೇಯಲಿಲ್ಲ. ಫಿಟ್ಟರುಗಳ ಕಾರ್ಖಾನೆ ಒಂದು ಎಳೆ ನೂಲನ್ನೂ ತೆಗೆಯಲಿಲ್ಲ. ನಾಳೆ ಮಾಲೀಕ ಬಂದು "ನಾನು ಮಗ್ಗಕ್ಕೆ ಮಾತ್ರ ಹಣ ಕೊಡುತ್ತೇನೆ, ಉಳಿದದ್ದೆಲ್ಲ ಮೇಲುಖರ್ಚು" ಎಂದರೆ ನೇಕಾರ ಏನು ಮಾಡಬೇಕು? ಲಾಳಿಯನ್ನು ಕೈಯಿಂದ ಎಸೆಯುತ್ತ ಕೂರಬೇಕೇ?

ಎರಡು ಚೀಲ, ಒಂದು ಕತ್ತರಿ

ಹಣದ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಅಮೆರಿಕದಲ್ಲಿ ಹಂಚಿಕೊಂಡ ಸೌಕರ್ಯಗಳಿಗೆ ಎರಡು ಚೀಲದಿಂದ ಹಣ ಬರುತ್ತದೆ. ಒಂದು, ಆಗಲೇ ಹೇಳಿದ ಕೋರ್ ಬಾಬು. ಅದು ನೇರ ಖರ್ಚಿನ ಚೀಲ. ಇನ್ನೊಂದು ಪರೋಕ್ಷ ಖರ್ಚಿನ ಚೀಲ. ಕಟ್ಟಡ, ವಿದ್ಯುತ್ತು, ಇಲಿಮನೆಯ ಗಾಳಿ ವ್ಯವಸ್ಥೆ, ಅಪಾಯಕರ ಕಸದ ವಿಲೇವಾರಿ, ನೀತಿ ಸಮಿತಿಯ ಕಚೇರಿ, ಲೆಕ್ಕಪತ್ರದ ಗುಮಾಸ್ತರು ಇವೆಲ್ಲ ಅದರಲ್ಲಿ. ಪ್ರತಿಯೊಂದು ವಿಶ್ವವಿದ್ಯಾಲಯವೂ ಸರಕಾರದೊಡನೆ ಕೂತು ದರ ಗೊತ್ತುಮಾಡಿಕೊಳ್ಳುತ್ತದೆ. ದರ 50 ಆದರೆ, ಸ್ಥೂಲವಾಗಿ, 100ರ ನೇರ ಖರ್ಚಿಗೆ 50 ಪರೋಕ್ಷಕ್ಕೆ ಸಿಗುತ್ತದೆ. ಸರಾಸರಿ ದರ 27-28 ಎಂದು ಆಜ್ಞೆ ಹೊರಡಿಸಿದ ಸಂಸ್ಥೆಯೇ ಹೇಳಿತು. 2023ರ ಹಣಕಾಸು ವರ್ಷದಲ್ಲಿ ಕೊಟ್ಟ ಸುಮಾರು 35 ಬಿಲಿಯನ್ ಡಾಲರಿನಲ್ಲಿ 26 ನೇರ ಖರ್ಚಿಗೆ, 9 ಪರೋಕ್ಷಕ್ಕೆ ಹೋಯಿತೆಂದು ಅದರದೇ ಲೆಕ್ಕ.

ಈ ಎರಡನೆಯ ಚೀಲಕ್ಕೇ 15ರ ಕತ್ತರಿ. ಒಂದು ಚೀಲ ಕತ್ತರಿಸಿದರೆ ಇನ್ನೊಂದು ನಿಲ್ಲುತ್ತದೆಯೇ? ಕೋರ್ ಬಾಬಿನಿಂದ ರಕ್ತ ಅಳೆಯುವ ಯಂತ್ರ ಕೊಂಡಿರಿ, ಸರಿ. ಅದನ್ನು ಇಡುವ ಕೋಣೆಯ ದೀಪದ ಬಿಲ್ಲು ಕಟ್ಟುವವರಾರು? ಇಲಿ ಕೊಳ್ಳಲು ಹಣವಿದೆ, ಇಲಿಮನೆಗೆ ಇಲ್ಲ. ಎತ್ತು ಕೊಂಡು ಕೊಟ್ಟಿಗೆ ಕೆಡವಿದಂತಾಯಿತು.

22 ರಾಜ್ಯಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದವು. ಬಾಸ್ಟನ್ನಿನ ಫೆಡರಲ್ ನ್ಯಾಯಾಲಯ ಮೊದಲು ತಾತ್ಕಾಲಿಕ ತಡೆ ಕೊಟ್ಟು, 2025ರ ಏಪ್ರಿಲಿನಲ್ಲಿ ಕಾಯಂ ತಡೆಯಾಜ್ಞೆ ಕೊಟ್ಟಿತು. ಸಂತೋಷ. ಆದರೆ ಆಜ್ಞೆಗೆ ತಡೆ ಬಿದ್ದರೂ ಆ ಆಜ್ಞೆಯ ಹಿಂದಿನ ವಾದಕ್ಕೆ ತಡೆ ಬಿದ್ದಿಲ್ಲ. ಅದು ಊರೂರು ತಿರುಗುತ್ತದೆ. ನಮ್ಮ ಊರಿಗೂ ಬರುತ್ತದೆ. ಆದ್ದರಿಂದ ವಾದಕ್ಕೆ ವಾದವನ್ನೇ ಕೊಡಬೇಕು.

ಮೂರು ವಾದ, ಮೂರು ಉತ್ತರ

ಮೊದಲನೆಯ ವಾದ: "ಮೇಲುಖರ್ಚಿನ ಹೆಸರಿನಲ್ಲಿ ದೊಡ್ಡವರು ಮೇಯುತ್ತಾರೆ." ಮೇಯುತ್ತಾರೆ, ನಿಜ. ಮುಚ್ಚುಮರೆ ಏಕೆ? 1991ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಒಂದು ವಿಹಾರ ನೌಕೆಯ ಸವಕಳಿಯನ್ನೂ, ಅಧ್ಯಕ್ಷರ ನಿವಾಸದ ಹೂವಿನ ಖರ್ಚನ್ನೂ ಸಂಶೋಧನೆಯ ಪರೋಕ್ಷ ಖರ್ಚಿನಲ್ಲಿ ಸೇರಿಸಿತ್ತೆಂದು ಅಮೆರಿಕದ ಸಂಸತ್ತಿನ ಸಮಿತಿಯೆದುರು ಬಯಲಾಯಿತು. ದೇಶವೇ ಛೀಮಾರಿ ಹಾಕಿತು. ಅಧ್ಯಕ್ಷರು ರಾಜೀನಾಮೆ ಘೋಷಿಸಿದರು. ಅದೇ ವರ್ಷ ಆಡಳಿತದ ಖರ್ಚಿಗೆ 26ರ ಮಿತಿ ಹಾಕಿದರು. ಇದು ಸರಿಯಾದ ದಾರಿ. ಕದ್ದ ಬಾಬನ್ನು ಹಿಡಿದರು, ಆ ಬಾಬಿಗೆ ಬೇಲಿ ಹಾಕಿದರು, ಇಲಿಮನೆಯನ್ನೂ ವಾರ್ಡನ್ನೂ ಉಳಿಸಿದರು. ಕಿರ್ದಿಯಲ್ಲಿ ಒಂದು ಕಳ್ಳ ಬಾಬು ಸಿಕ್ಕಿತೆಂದು ಅಂಗಡಿಗೇ ಬೆಂಕಿ ಇಡುವ ವ್ಯಾಪಾರಿ ಇದ್ದಾನೆಯೇ? ಕಳ್ಳನನ್ನು ಹಿಡಿಯುವ ಮನಸ್ಸಿದ್ದವರು ಲೆಕ್ಕ ಕೇಳುತ್ತಾರೆ. ಎಲ್ಲರಿಗೂ ಒಂದೇ ಕತ್ತರಿ ಹಾಕುವವರಿಗೆ ಕಳ್ಳನ ಚಿಂತೆ ಇಲ್ಲ.

ಎರಡನೆಯ ವಾದ: "ಧನಿಕರ ದತ್ತಿಸಂಸ್ಥೆಗಳು ನೂರಕ್ಕೆ ಹತ್ತು ಹದಿನೈದು ಮಾತ್ರ ಕೊಡುತ್ತವೆ, ಸರಕಾರ ಏಕೆ ಹೆಚ್ಚು ಕೊಡಬೇಕು?" ಉತ್ತರ ಸುಲಭ. ಕಟ್ಟಿದ ಮನೆಗೆ ಅತಿಥಿಯಾಗಿ ಬಂದವನು ಊಟದ ಖರ್ಚು ಕೊಟ್ಟರೆ ಸಾಕು; ಮನೆ ಕಟ್ಟಿದವನು ಗೋಡೆಯ ಖರ್ಚನ್ನೂ ಕೊಡಬೇಕು. ಸಾರ್ವಜನಿಕ ಹಣ ಕಟ್ಟಿ ನಿಲ್ಲಿಸಿದ ಪ್ರಯೋಗಶಾಲೆಯಲ್ಲಿ ದಾನಿಗಳು ತಮ್ಮ ಹೆಸರಿನ ಫಲಕ ಹಾಕಿಸಿಕೊಳ್ಳುತ್ತಾರೆ. ಆ ಅಡಿಪಾಯ ಕಿತ್ತರೆ ದಾನಿಯ ಹತ್ತು ರೂಪಾಯಿ ಯಾವ ಗೋಡೆಗೆ ಅಂಟುತ್ತದೆ?

ಮೂರನೆಯ ವಾದವೇ ಅಪಾಯದ್ದು: "ಸರಕಾರ ಏಕೆ? ಉಪಯೋಗವಿದ್ದರೆ ಕಂಪನಿಗಳು ತಾವೇ ಹಣ ಹೂಡುತ್ತವೆ." ಹೂಡುತ್ತವೆ, ಯಾವುದನ್ನು ಮಾರಬಹುದೋ ಅದಕ್ಕೆ. ಮುಲಾಮು ಮಾರಬಹುದು, ಪಟ್ಟಿ ಮಾರಬಹುದು. ಹೊರೆ ಇಳಿದರೆ ಗಾಯ ಬೇಗ ಮಾಯುತ್ತದೆ ಎಂಬ ಸತ್ಯವನ್ನು ಸೀಸೆಯಲ್ಲಿ ತುಂಬಿ ಮಾರುವುದು ಹೇಗೆ? ರಜೆಯನ್ನು ಮಾತ್ರೆ ಮಾಡಿ ಮಾರುವ ಕಂಪನಿ ಇನ್ನೂ ಹುಟ್ಟಿಲ್ಲ.

ಕಂಪನಿಯ ಹಣ ಬಂದಾಗ ಏನಾಗುತ್ತದೆ ಎಂಬುದಕ್ಕೆ ಈ ಶಾಸ್ತ್ರದ ಚರಿತ್ರೆಯಲ್ಲೇ ಸಾಕ್ಷಿ ಇದೆ. ದೇಹದ ಮೇಲೆ ಒತ್ತಡದ ಪರಿಣಾಮವೇನೆಂದು ಮೊದಲು ದೊಡ್ಡದಾಗಿ ಸಾರಿದವನು ಕೆನಡಾದ ಮಾಂಟ್ರಿಯಲ್ ನಗರದ ಹಾನ್ಸ್ ಸೆಲ್ಯೆ. 1936ರಲ್ಲಿ "ನೇಚರ್" ಪತ್ರಿಕೆಯಲ್ಲಿ ಬಂದ ಅವನ ಚಿಕ್ಕ ಲೇಖನ ಈ ಶಾಸ್ತ್ರದ ಹುಟ್ಟು. ಅಂಥ ವಿದ್ವಾಂಸ ಮುಂದೆ ಸಿಗರೇಟು ಕಂಪನಿಗಳ ಹಣ ಪಡೆದ. 1969ರಲ್ಲಿ ಕೆನಡಾದ ಸಂಸತ್ತಿನ ಸಮಿತಿಯೆದುರು ಸಿಗರೇಟಿನ ಪರವಾಗಿ ಒಪ್ಪಿಸಿದ ವಾದವೇನು? ಸಿಗರೇಟು ಮನಸ್ಸಿನ ಒತ್ತಡಕ್ಕೆ ಪರಿಹಾರವಾಗಬಹುದು ಎಂಬುದು! ಮೊಕದ್ದಮೆಗಳಿಂದಾಗಿ ಆ ಕಂಪನಿಗಳ ಒಳಗಿನ ಕಾಗದಗಳು ಬಯಲಿಗೆ ಬಂದಾಗ ಈ ಕೊಡುಕೊಳ್ಳುವಿಕೆ ಲೋಕಕ್ಕೆ ತಿಳಿಯಿತು. ದುಡಿದು ದಣಿದವನಿಗೆ ಬಿಡುವು ಕೊಡಿ ಎನ್ನಬೇಕಾದ ಶಾಸ್ತ್ರದ ಬಾಯಲ್ಲಿ "ಒಂದು ಸಿಗರೇಟು ಸೇದು" ಎನ್ನಿಸಿದರು. ಹಣ ಯಾರದೋ ರಾಗ ಅವರದು.

ಧ್ಯಾನ ಮಾಡಿ ಎನ್ನುವವರು

ಕತ್ತರಿ ಹಿಡಿದವರು ಎದುರಿನ ಶತ್ರುಗಳು. ಪಕ್ಕದಲ್ಲಿ ನಗುತ್ತ ಕೂತ ಶತ್ರುಗಳೂ ಇದ್ದಾರೆ. ಇವರು ಈ ಸಂಶೋಧನೆಯನ್ನು ಓದಿ ತಲೆದೂಗಿ, ನಮಗೆ ಉಪದೇಶ ಹೇಳುತ್ತಾರೆ: "ನೋಡಿ, ಚಿಂತೆ ಮಾಡಿದರೆ ಗಾಯ ಮಾಯುವುದಿಲ್ಲ. ಚಿಂತೆ ಬಿಡಿ. ಮೂಗು ಹಿಡಿದು ಉಸಿರು ಎಳೆಯಿರಿ."

ಉಸಿರಾಟದಿಂದ, ಮೈ ಸಡಿಲಿಸುವ ಅಭ್ಯಾಸದಿಂದ ಸ್ವಲ್ಪ ಉಪಯೋಗವಿದೆ. ಆ ಅಭ್ಯಾಸ ಮಾಡಿದ ಶಸ್ತ್ರಚಿಕಿತ್ಸೆಯ ರೋಗಿಗಳ ಗಾಯದಲ್ಲಿ ಹೊಸ ಅಂಗಾಂಶ ಕಟ್ಟುವ ಕೆಲಸ ಚುರುಕಾದದ್ದು 2012ರಲ್ಲಿ ನ್ಯೂಜಿಲೆಂಡಿನಿಂದ ಬಂದ ಒಂದು ಪ್ರಯೋಗದಲ್ಲಿ ಕಂಡಿದೆ. ಮಾಡುವವರು ಮಾಡಲಿ. ಆದರೆ ಕೊಲಂಬಸ್ಸಿನ ಆ 13 ಹೆಂಗಸರನ್ನು ಮತ್ತೆ ನೆನೆಯಿರಿ. ಅವರ ಗಾಯ ತಡವಾದದ್ದು ಉಸಿರೆಳೆಯಲು ಬಾರದೆ ಅಲ್ಲ. ನೆನಪು ಅಳಿದ ಗಂಡನನ್ನೋ ತಾಯಿಯನ್ನೋ ವರುಷಗಟ್ಟಲೆ ತೊಳೆದು, ಉಣಿಸಿ, ರಾತ್ರಿ ಬಾಗಿಲು ಕಾಯ್ದು, ಕೂಲಿಯಿಲ್ಲದೆ ದುಡಿದು ದುಡಿದು ಅವರ ರಕ್ತವೇ ದಣಿದಿತ್ತು. ಅವರಿಗೆ ಬೇಕಾದದ್ದು ಕೈಯಾಸರೆ. ವಾರಕ್ಕೆರಡು ದಿನ ಆ ರೋಗಿಯನ್ನು ನೋಡಿಕೊಳ್ಳುವ ಇನ್ನೊಬ್ಬ ಮನುಷ್ಯ.

ಇಂಗ್ಲೆಂಡಿನಲ್ಲಿ 1967ರಲ್ಲಿ ಮೊದಲಾದ ವೈಟ್‌ಹಾಲ್ ಅಧ್ಯಯನ ಸುಮಾರು 18,000 ಗಂಡಸು ಸರಕಾರಿ ನೌಕರರನ್ನು ವರುಷಗಟ್ಟಲೆ ಹಿಂಬಾಲಿಸಿತು. ಎಲ್ಲರಿಗೂ ನೌಕರಿ ಇತ್ತು, ಎಲ್ಲರಿಗೂ ಸಂಬಳ ಇತ್ತು. ಆದರೂ ಅತಿ ಮೇಲಿನ ದರ್ಜೆಯವರಿಗಿಂತ ಅತಿ ಕೆಳಗಿನ ದರ್ಜೆಯವರು ಹೃದಯರೋಗದಿಂದ ಸಾಯುವ ಪ್ರಮಾಣ ಮೂರು ಪಟ್ಟಿಗೂ ಮೇಲಿತ್ತು. ಹೊಗೆಬತ್ತಿ, ರಕ್ತದ ಒತ್ತಡ ಎಲ್ಲ ಲೆಕ್ಕ ಹಿಡಿದರೂ ಈ ಅಂತರದ ಒಂದು ಭಾಗಕ್ಕೆ ಮಾತ್ರ ಕಾರಣ ಸಿಕ್ಕಿತು. ಒತ್ತಡವನ್ನು ಎಲ್ಲರ ಎಲೆಗೂ ಸಮನಾಗಿ ಬಡಿಸಿಲ್ಲ ಎಂಬುದು ಇದರಿಂದ ಸ್ಪಷ್ಟ. ಆಜ್ಞೆ ಮಾಡುವವನಿಗಿಂತ ಆಜ್ಞೆ ಕೇಳುವವನ ಎಲೆಗೆ ಅದು ಹೆಚ್ಚು ಬೀಳುತ್ತದೆ. ಬಡಿಸುವ ಕೈಯನ್ನು ಬಿಟ್ಟು ಉಣ್ಣುವವನಿಗೆ "ಅಗಿದು ತಿನ್ನು" ಎನ್ನುವುದು ಯಾವ ನ್ಯಾಯ?

ನಮ್ಮ ಬಾಗಿಲಲ್ಲಿ

ನಮ್ಮಲ್ಲಿ ಇಎಸ್‌ಐ ಕಾಯಿದೆ 1948ರಲ್ಲಿ ಬಂತು; ಯೋಜನೆ 1952ರಲ್ಲಿ ಕಾನ್ಪುರ ಮತ್ತು ದಿಲ್ಲಿಯಲ್ಲಿ ಆರಂಭವಾಯಿತು. ಕೆಲಸದ ಮೇಲೆ ಗಾಯವಾದರೆ ಮಾಯುವತನಕ ಕೂಲಿಯ ನೂರಕ್ಕೆ 90, ಸಾಮಾನ್ಯ ಕಾಯಿಲೆಗೆ ವರ್ಷದಲ್ಲಿ 91 ದಿನದವರೆಗೆ ನೂರಕ್ಕೆ 70. ಹೋರಾಡಿ ಪಡೆದ ಹಕ್ಕು ಇದು. ಆದರೆ ಗುತ್ತಿಗೆದಾರನ ಕೈಕೆಳಗೆ ದುಡಿಯುವ ಎಷ್ಟು ಜನರ ಹೆಸರು ಹಾಜರಿ ಪುಸ್ತಕದಲ್ಲೇ ಇಲ್ಲ! ಸಣ್ಣ ಅಂಗಡಿಯವನಿಗೆ ಈ ಯೋಜನೆಯೇ ಇಲ್ಲ. ಅವನ ಕೈಗೆ ಪಟ್ಟಿ ಬಿದ್ದ ದಿನ ಬಾಗಿಲು ಮುಚ್ಚಿತು; ಬಾಡಿಗೆ, ಬಡ್ಡಿ ಮುಚ್ಚಲಿಲ್ಲ. ಗಾಯದಿಂದ ಕೂಲಿ ನಿಲ್ಲುತ್ತದೆ, ಕೂಲಿ ನಿಂತರೆ ಚಿಂತೆ ಹುಟ್ಟುತ್ತದೆ, ಚಿಂತೆಯಿಂದ ಗಾಯ ತಡವಾಗುತ್ತದೆ, ತಡವಾದಷ್ಟೂ ಕೂಲಿ ಹೋಗುತ್ತದೆ. ಗಾಣದ ಎತ್ತಿನ ಹಾಗೆ ಸುತ್ತು. ಗಾಯಾಳುವಿನ ಕೂಲಿ ಕಾಯುವುದೂ ಚಿಕಿತ್ಸೆಯ ಒಂದು ಭಾಗವೆಂದು ಹೇಳಲು ಈಗ ನಮಗೆ ಶಾಸ್ತ್ರದ ಬಲವಿದೆ.

ಹಂಚಿಕೊಂಡ ಸೌಕರ್ಯದ ವಿಚಾರದಲ್ಲೂ ನಾವು ಬರಿಗೈಯವರಲ್ಲ. ವಿಶ್ವವಿದ್ಯಾಲಯಗಳು ಕೂಡಿ ಬಳಸುವ ದೊಡ್ಡ ಉಪಕರಣಗಳ ಕೇಂದ್ರಗಳನ್ನು ನಮ್ಮ ಕೇಂದ್ರ ಸರಕಾರ 1970ರ ದಶಕದಲ್ಲೇ ಆರಂಭಿಸಿತು. ದುಡಿಮೆಯ ಆರೋಗ್ಯಕ್ಕೆಂದೇ 1966ರಲ್ಲಿ ಅಹಮದಾಬಾದಿನಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಅದರ ದಕ್ಷಿಣದ ಶಾಖೆ ಬೆಂಗಳೂರಿನಲ್ಲಿದೆ. ದಾರಿ ಗೊತ್ತಿದೆ, ನಡೆಯುವ ಮನಸ್ಸು ಬೇಕು. ಆದ್ದರಿಂದ ನಮ್ಮ ಬೇಡಿಕೆಗಳು ಇವು:

ಒಂದು: ಕಾರ್ಮಿಕರ ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ, ವೈದ್ಯ ಕಾಲೇಜು ಕೂಡಿ ಗಾಯದ ದಾಖಲೆ ಇಡಲಿ. ಗಾಯವಾದ ದಿನ, ಮಾಯಿದ ದಿನ, ಪಾಳಿ, ಕೂಲಿ, ಕಾಯಂ ಅಥವಾ ಗುತ್ತಿಗೆ, ಸಕ್ಕರೆ ರೋಗ ಇದೆಯೇ ಇಲ್ಲವೇ ಎಲ್ಲವನ್ನೂ ಒಂದೇ ನಮೂನೆಯಲ್ಲಿ ಬರೆಯಲಿ. ಇದಕ್ಕೆ ಬೇಕಾದದ್ದು ಒಂದು ಪುಸ್ತಕ, ಒಬ್ಬ ಗುಮಾಸ್ತ, ಒಂದು ಹಂಚಿಕೊಂಡ ರಕ್ತಪರೀಕ್ಷಾ ಶಾಲೆ.

ಎರಡು: ಸಂಶೋಧನೆಯ ಆಯವ್ಯಯದಲ್ಲಿ ಇಂಥ ಸೌಕರ್ಯಗಳಿಗೆ ಪ್ರತ್ಯೇಕ ಬಾಬು ಇರಲಿ. ಅದರ ಲೆಕ್ಕವನ್ನು ವರ್ಷಕ್ಕೊಮ್ಮೆ ಬಹಿರಂಗವಾಗಿ ಓದಿ ಹೇಳಲಿ. ಕದ್ದವನನ್ನು ಶಿಕ್ಷಿಸಲಿ, ಶಾಲೆಯನ್ನು ಉಳಿಸಲಿ.

ಮೂರು: ಯಾರ ಮೈಯ ಮೇಲೆ ಸಂಶೋಧನೆ ನಡೆಯುತ್ತದೋ ಅವರ ಪ್ರತಿನಿಧಿಗಳು, ಗಿರಣಿಯಿಂದಲೂ ಬಜಾರಿನಿಂದಲೂ, ನೀತಿ ಸಮಿತಿಯಲ್ಲಿ ಕೂರಲಿ.

ನಾಲ್ಕು: ಕೆಲಸದ ಮೇಲಾದ ಗಾಯಕ್ಕೆ ಮಾಯುವತನಕ ಪೂರ್ತಿ ಕೂಲಿ, ಗುತ್ತಿಗೆಯವನಿಗೂ ಸಿಗಲಿ. ಸಣ್ಣ ವ್ಯಾಪಾರಿಗೂ ಗಾಯದ ಕಾಲದ ಆಸರೆ ಸಿಗಲಿ.

ಓಹಾಯೋದ ಆ 26 ಹೆಂಗಸರು ತಮ್ಮ ತೋಳು ಕೊಟ್ಟು ಲೋಕಕ್ಕೆ ಒಂದು ಸತ್ಯ ತಿಳಿಸಿದರು. ಅವರು ಯಾರೋ ನಮಗೆ ಗೊತ್ತಿಲ್ಲ. ಅವರ ಹೆಸರು ಯಾವ ವರದಿಯಲ್ಲೂ ಇಲ್ಲ. ಅವರ ತೋಳಿನ ಆ ಚಿಕ್ಕ ಗಾಯವನ್ನು ಅಳೆದ ದಾದಿ, ಫೋಟೋ ತೆಗೆದವನು, ರಕ್ತ ಕಾಯ್ದವನು, ಲೆಕ್ಕ ತಾಳೆ ನೋಡಿದವನು, ಕೋಣೆ ಗುಡಿಸಿದವನು ಇವರೆಲ್ಲರನ್ನೂ ಒಟ್ಟಿಗೆ ಸೇರಿಸಿ "ಮೇಲುಖರ್ಚು" ಎಂದು ಕರೆಯುವವನಿಗೆ ನಮ್ಮ ಉತ್ತರ ಒಂದೇ. ದುಡಿಯುವವನನ್ನು ಖರ್ಚಿನ ಬಾಬಿನಲ್ಲಿ ಬರೆಯುವ ಚಾಳಿ ಮಾಲೀಕರಿಗೆ ಹಳೆಯದು. ನಮಗೂ ಆ ಕಿರ್ದಿಯನ್ನು ಓದಲು ಬರುತ್ತದೆ. ಇನ್ನು ಮೇಲೆ ಅದನ್ನು ಬೀದಿಯಲ್ಲಿ ಗಟ್ಟಿಯಾಗಿ ಓದುತ್ತೇವೆ.